ಬಿಟ್ಬಿಡಿ ಅಂದದ್ದು

"ನೀವು ಯೋಳ್ದಂಗೇ ಬಿಟ್ಬುಟ್ಟೆ ಕಣಮ್ಮ," ಎನ್ನುತ್ತ ಆಂಜನಮ್ಮ ಒಂದು ಚೀಲ ಅವರೆಕಾಯಿಯನ್ನು ಶ್ರೀವಿದ್ಯಾಳ ಟೇಬಲ್ಲಿನ ಮೇಲೆ, ಟ್ಯಾರೋ ಕಾರ್ಡುಗಳ ಪಕ್ಕಕ್ಕೇ ಇಟ್ಟರು. "ಈಗ ನಿದ್ದೆ ಬತ್ತದೆ."

ಶ್ರೀವಿದ್ಯಾಳಿಗೆ ಒಳಗೊಳಗೇ ಹೆಮ್ಮೆಯಾಯಿತು. ಹೊಸ ತಿಪ್ಪಸಂದ್ರದ ಮನೆಯ ವರಾಂಡದಲ್ಲಿ ಅವಳು ಕಾರ್ಡು ನೋಡಿ ಭವಿಷ್ಯ ಹೇಳಲು ಶುರುಮಾಡಿ ವರ್ಷವೂ ತುಂಬಿರಲಿಲ್ಲ. ಇಂದಿರಾನಗರದಲ್ಲಿ ಇಂಗ್ಲಿಷಿನಲ್ಲಿ ಕಲಿತದ್ದನ್ನು ಇಲ್ಲಿ ಬಂದವರಿಗೆ ಕನ್ನಡದಲ್ಲಿ ಹೇಳಬೇಕಿತ್ತು. ವಿಮಾ ಕಚೇರಿಯಲ್ಲಿದ್ದ ಗಂಡ ಸುದರ್ಶನ್ "ಇಸ್ಪೀಟು ಮುಗೀತಾ?" ಎಂದು ರೇಗಿಸುತ್ತಿದ್ದ. ಈ ಅವರೆಕಾಯಿ ತೋರಿಸಿ ಅವನ ಬಾಯಿ ಮುಚ್ಚಿಸಬಹುದು ಅಂದುಕೊಂಡಳು.

"ಏನು ಬಿಟ್ರಿ?"

"ಮಗಳ್ನ."

ಆಂಜನಮ್ಮ ಮೊದಲ ಸಲ ಬಂದದ್ದು ದಸರಾ ಕಳೆದ ಮೇಲೆ. ಜೋಗುಪಾಳ್ಯದ ಹಳೇ ಒಕ್ಕಲು ಮನೆ ಅವರದು. ರಾಗಿ ಬೆಳೆಯುತ್ತಿದ್ದಲ್ಲಿ ಈಗ ಬಾಡಿಗೆ ಮನೆಗಳು. ಮಗಳು ಧನಲಕ್ಷ್ಮಿ ಶಿವಾಜಿನಗರದ ಅಕ್ತರ್‌ನನ್ನು ಮದುವೆಯಾದ ದಿನದಿಂದ ಅವಳ ಹೆಸರೆತ್ತಕೂಡದೆಂದು ಗಂಡ ಮುನಿಆಂಜನಪ್ಪ ಅಪ್ಪಣೆ ಮಾಡಿದ್ದರು. ಮಗಳು ಬಸುರಿಯಂತೆ, ಹೋಗಿ ನೋಡಲೋ ಬೇಡವೋ ಎಂದು ಆಂಜನಮ್ಮ ಕೇಳಲು ಬಂದಿದ್ದರು. ಆಗ ಬಂದದ್ದು ತಲೆಕೆಳಗಾಗಿ ನೇತಾಡುವವನ ಕಾರ್ಡು. ಒಂದು ಕಾಲನ್ನು ಮರಕ್ಕೆ ಕಟ್ಟಿದೆ, ಆದರೂ ಮುಖದಲ್ಲಿ ನೋವಿಲ್ಲ, ತಲೆಯ ಸುತ್ತ ಬೆಳಕಿದೆ. ಕಂಡದ್ದನ್ನೇ ಇನ್ನೊಂದು ಕಡೆಯಿಂದ ನೋಡು, ಸರೆಂಡರ್ ಆಗು ಎಂದು ಅದರ ಅರ್ಥ. ಆ ಸರೆಂಡರ್‌ಗೆ ಬಂದು ಶ್ರೀವಿದ್ಯಾ ತಡವರಿಸಿದ್ದಳು. ಶರಣಾಗಿ ಅಂದರೆ ಹರಿಕಥೆಯಾಗುತ್ತದೆ. ಸೋಲೊಪ್ಪಿಕೊಳ್ಳಿ ಅಂದರೆ ಎದುರಿಗಿದ್ದವರಿಗೆ ಬೇಜಾರು. "ಬಿಟ್ಬಿಡಿ ಆಂಜನಮ್ಮ," ಅಂದಿದ್ದಳು. "ಎಷ್ಟು ದಿನ ಅಂತ ಹಿಡ್ಕೊಂಡಿರ್ತೀರಾ? ಬಿಟ್ಬಿಡಿ."

"ಹೋದ್ವಾರ ಬಂದಿದ್ಲು," ಎಂದರು ಆಂಜನಮ್ಮ. "ತುಂಬಿದ ಬಸ್ರಿ. ನಾನು ಅಂಗ್ಳದಾಗೇ ಇದ್ದೆ. ಗೇಟ್ ತಾವ ನಿಂತು ನನ್ನೇ ನೋಡಿದ್ಲು. ಒಳಕ್ಕೋಗಿ ಬಾಗ್ಲಾಕ್ಕೊಂಡೆ. ಅಮ್ಮಾ ಅಮ್ಮಾ ಅಂತ ಕೂಗಿದ್ಲು. ಕಾರ್ಡೇ ಯೋಳೈತಲ್ಲ ಅಂತ ಮನಸ್ಸು ಕಲ್ಲು ಮಾಡ್ಕೊಂಡೆ."

ತನ್ನ ಮಾತು ಎಲ್ಲಿಗೆ ಮುಟ್ಟಿತೆಂದು ಶ್ರೀವಿದ್ಯಾಳಿಗೆ ಆಗ ಗೊತ್ತಾಯಿತು. ಸುಮ್ಮನಿದ್ದುಬಿಡಬಹುದಿತ್ತು. ಹೆಂಗಸಿಗೆ ನಿದ್ದೆಯಾದರೂ ಬರುತ್ತಿದೆ, ನಾನೇಕೆ ಕೆಡಿಸಲಿ ಎಂದು ಒಂದು ಗಳಿಗೆ ಅಂದುಕೊಂಡಳು ಕೂಡ. ಹಾಗೆ ಅಂದುಕೊಂಡದ್ದಕ್ಕೇ ಹೆಚ್ಚು ನಾಚಿಕೆಯಾಯಿತು.

"ಅಯ್ಯೋ, ನಾನು ಬಿಡಿ ಅಂದಿದ್ದು ಮಗಳನ್ನಲ್ಲ ಆಂಜನಮ್ಮ. ಹಟಾನ. ಜನ ಏನಂತಾರೋ ಅನ್ನೋ ಭಯಾನ."

"ಅಂಗಾರೆ ಬಾಗ್ಲು ತೆಗೀಬೇಕಿತ್ತಾ?"

"ಹೌದು. ತಪ್ಪಾಯ್ತು, ನಾನು ಸರಿಯಾಗಿ ಹೇಳ್ಲಿಲ್ಲ."

ಆಂಜನಮ್ಮ ಬೈಯಲಿಲ್ಲ, ಅಳಲೂ ಇಲ್ಲ. ಟೇಬಲ್ಲಿನ ಮೇಲಿನಿಂದ ಆ ಕಾರ್ಡನ್ನೇ ಹುಡುಕಿ ತೆಗೆದು ಬಹಳ ಹೊತ್ತು ನೋಡಿದರು. "ಹೊಟ್ಟೆಯಾಗಿನ ಮಗು ಇದ್ದಂಗವ್ನಲ್ಲಮ್ಮ ಇವ್ನು! ದಿನ ತುಂಬಿದ್ಮೇಲೆ ಇಂಗೇ ತಲೆ ಕೆಳಗಾಗ್ತದೆ. ಅವತ್ತು ನಂಗೆ ಕಾಣ್ನೇ ಇಲ್ಲ." ಆಮೇಲೆ ದನಿ ತಗ್ಗಿಸಿ ಅಂದರು: "ಏನ್ನ ಬಿಡಾದು ಅಂತ ಅವತ್ತೇ ಇನ್ನೊಂದ್ಸಲ ಕೇಳಾನ ಅನ್ನಿಸ್ತು ಕಣಮ್ಮ. ಕೇಳ್ನಿಲ್ಲ. ನಾನು ತಿಳ್ಕೊಂಡಿದ್ದೇ ಸಲೀಸಾಗಿತ್ತು."

ಶ್ರೀವಿದ್ಯಾ ಎದ್ದು ಚಪ್ಪಲಿ ಮೆಟ್ಟಿಕೊಂಡಳು. "ನಡೀರಿ, ಈಗ್ಲೇ ಹೋಗೋಣ. ನಾನೂ ಬರ್ತೀನಿ."

ಇಬ್ಬರೂ ಆಟೋ ಹಿಡಿದು ಹೊರಟರು. ಶಿವಾಜಿನಗರದ ಗಲ್ಲಿಯಲ್ಲಿ ಕೇಳಿಕೊಂಡು ಹೋದಾಗ ಬಾಗಿಲ ಪರದೆ ಸರಿಸಿದವರು ಅಕ್ತರ್‌ನ ತಾಯಿ ನೂರುನ್ನೀಸಾ. ಹೆಸರು ಹೇಳುವ ಮೊದಲೇ ಅವರಿಗೆ ಗುರುತು ಸಿಕ್ಕಿತು. ಸೊಸೆಯ ಮೂಗೇ ಆಂಜನಮ್ಮನ ಮುಖದಲ್ಲೂ ಇತ್ತು.

"ಬನ್ನಿ ಅಮ್ಮಾ, ಬನ್ನಿ! ಹೋದ್ವಾರ ಬಂದಿದ್ಲು ನಿಮ್ ಮನೇಗೆ, ನೀವೇ ಸಿಗ್ಲಿಲ್ಲ. ಬೀಗ ಹಾಕಿತ್ತು ಅಂತ ಹೇಳಿದ್ಲು. ನಮ್ಮಮ್ಮ ಇದ್ದಿದ್ರೆ ಊಟ ಮಾಡಿಸ್ದೇ ಕಳಿಸ್ತಾನೇ ಇರ್ಲಿಲ್ಲ, ಅಂದ್ಲು."

ಆಂಜನಮ್ಮ ಒಂದು ಕಾಲಿನ ಚಪ್ಪಲಿ ಕಳಚಿದ್ದರು. ಇನ್ನೊಂದು ಕಾಲಲ್ಲೇ ಉಳಿಯಿತು.

"ಯಾರು ಬಂದಿರೋದು?" ಒಳಗಿನಿಂದ ಧನಲಕ್ಷ್ಮಿಯ ದನಿ ಕೇಳಿತು.

ಏನು ಹೇಳಲಿ ಎಂಬಂತೆ ಆಂಜನಮ್ಮ ಶ್ರೀವಿದ್ಯಾಳ ಕಡೆ ತಿರುಗಿದರು.