ಸೊನ್ನೆಯ ನೀರು

ಗಾಜಿನ ನಳಿಕೆಗಳ ಹಿಂದೆ ಬಿಳಿ ಕಾಗದ ಹಿಡಿದು ಅವಳು ಮತ್ತೊಮ್ಮೆ ನೋಡಿದಳು. ಎಡಗಡೆಯದರಲ್ಲಿ ಯಾವ ಬಣ್ಣವೂ ಇಲ್ಲ. ಬಲಗಡೆಯದು ತೆಳು ಗುಲಾಬಿ. ಎಡಗಡೆಯದು ನಿನ್ನೆಯಷ್ಟೇ ರಿಪೇರಿಯಾಗಿ ಬಂದ, ನೀರನ್ನು ಆವಿಮಾಡಿ ಶುದ್ಧಗೊಳಿಸುವ ಬಟ್ಟಿಯಂತ್ರದ ನೀರು. ಬಲಗಡೆಯದು ಅವಳ ಮನೆಯ ಬಾವಿಯದು.

"ಏನ್ ಮೇಡಂ, ಮಾತೇ ಇಲ್ಲ?" ಪ್ರಯೋಗಾಲಯದ ಜವಾನ ಬಾಗಿಲಲ್ಲಿ ನಿಂತು ಕೇಳಿದ. "ಬಟ್ಟಿ ಬೇಕು ಬಟ್ಟಿ ಬೇಕು ಅಂತ ಒಂದೂವರೆ ವರ್ಷ ಸಾಹೇಬ್ರ ತಲೆ ತಿಂದ್ರಿ. ಬಂದ್ಮೇಲೆ ಮುಖ ಹೀಗಿದೆ!"

ಎಲ್ಲೆಲ್ಲಿಂದಲೋ ಬಂದ ನೀರಿಗೆ ದ್ರಾವಣ ಹನಿಸಿ, ಕೀಟನಾಶಕವಿದ್ದರೆ ಏಳುವ ಗುಲಾಬಿ ಬಣ್ಣವನ್ನು ಯಂತ್ರದಲ್ಲಿ ಅಳೆಯುವುದು ಅವಳ ಕೆಲಸ. ಅಳೆಯುವ ಮೊದಲು ಏನೂ ಬೆರೆಯದ ನೀರಿಟ್ಟು ಮುಳ್ಳನ್ನು ಸೊನ್ನೆಗೆ ತರಬೇಕು. ಬಟ್ಟಿ ಕೆಟ್ಟಾಗ ಸಾಹೇಬರು "ಹೇಗಾದ್ರೂ ಸುಧಾರಿಸ್ಕೊಳ್ಳಿ" ಎಂದು ಕೈ ತೊಳೆದುಕೊಂಡರು. ಅವಳು ಮನೆಯ ಬಾವಿಯಿಂದ ಕ್ಯಾನು ತುಂಬಿ ತಂದಳು. ಕನ್ನಡಿಯಂಥ ನೀರು, ಇದಕ್ಕಿಂತ ಶುದ್ಧ ಎಲ್ಲಿ ಸಿಕ್ಕೀತು ಎಂಬ ಜಂಬ ಬೇರೆ. ಅದರಲ್ಲಿ ಕಂಡೂ ಕಾಣದಂತೆ ಕೆಂಪು ಮೂಡಿದಾಗ, ದ್ರಾವಣದ್ದೇ ಹುಟ್ಟುಬಣ್ಣ ಎಂದುಕೊಂಡು ಮುಳ್ಳನ್ನು ಸೊನ್ನೆಗೆ ತಿರುಗಿಸಿದಳು. ಹೊಸಬರಾಗಿದ್ದರೆ ಹೆದರಿ ಯಾರನ್ನಾದರೂ ಕೇಳುತ್ತಿದ್ದರು. ಅನುಭವಸ್ಥರು ಯಾರನ್ನು ಕೇಳುತ್ತಾರೆ?

ವಿಷವಿದ್ದ ನೀರನ್ನೇ ಸೊನ್ನೆ ಎಂದಿಟ್ಟು ಬರೆದ ಒಂದೂವರೆ ವರ್ಷದ ವರದಿಗಳೆಲ್ಲ ತಪ್ಪು. ಆದರೆ ಆ ಹೊತ್ತಿಗೆ ಅವಳ ಕಣ್ಣೆದುರು ಬಂದದ್ದು ಒಂದೇ.

ತನ್ನ ಮೊದಲ ಮಗು ಐದನೇ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋದಾಗ ಅತ್ತಿಗೆ ಬಾಟಲಿಯಲ್ಲಿ ಬಾವಿಯ ನೀರು ತುಂಬಿಕೊಟ್ಟಿದ್ದಳು. "ಗೋಡೆಯಾಚೆ ಹೂವಿನ ತೋಟಕ್ಕೆ ದಿನಾ ಔಷಧಿ ಹೊಡೀತಾರೆ. ಒಂದ್ಸಲ ನೋಡೇ, ವಿಜ್ಞಾನಿ." ಮೇಜಿನ ಮೇಲೆ ಒಂದು ಸೊನ್ನೆಯ ನೀರು, ಇನ್ನೊಂದು ಸ್ಯಾಂಪಲ್. ಎರಡೂ ಒಂದೇ ಬಾವಿಯದೆಂದು ಅವಳ ತಲೆಗೆ ಹೊಳೆಯಲೇ ಇಲ್ಲ. ತನ್ನನ್ನು ತನ್ನ ಜೊತೆಗೇ ತೂಗಿದರೆ ಮುಳ್ಳು ಅಲುಗೀತಾದರೂ ಹೇಗೆ? "ನೀರಲ್ಲೇನೂ ಇಲ್ಲ ಅತ್ತಿಗೆ, ಆರಾಮಾಗಿ ಕುಡಿ" ಎಂದಿದ್ದಳು.

ಹೋದ ತಿಂಗಳು ಎರಡನೆಯದೂ ಹೋಯಿತು. "ಅವಳ ಹೊಟ್ಟೇಲಿ ನಿಲ್ಲೋದಿಲ್ಲ ಬಿಡು," ಎಂದಳು ಅಮ್ಮ. ಅಣ್ಣ ತನ್ನ ಹಾಸಿಗೆಯನ್ನು ಹಜಾರಕ್ಕೆ ಸಾಗಿಸಿದ.

ಅರ್ಧ ದಿನ ರಜೆ ಹಾಕಿ ಮನೆಗೆ ಬಂದಾಗ ಅತ್ತಿಗೆ ಪಾತ್ರೆ ತೊಳೆಯುತ್ತಿದ್ದಳು. "ಏನೇ, ಸೂರ್ಯ ಯಾವ ದಿಕ್ಕಲ್ಲಿ ಹುಟ್ಟಿದ ಇವತ್ತು?"

ಅವಳು ನಿಂತೇ ಹೇಳಿದಳು. ಹೇಳುತ್ತ ಹೇಳುತ್ತ ಅತ್ತುಬಿಟ್ಟಳು.

ಅತ್ತಿಗೆ ಬಾವಿಯ ನೀರು ಬರುವ ನಲ್ಲಿ ನಿಲ್ಲಿಸಿದಳು. "ಡಾಕ್ಟ್ರು ನೀರು ಜಾಸ್ತಿ ಕುಡಿ ಅಂದಿದ್ರು. ನೀನೂ ಹೇಳಿದ್ಯಲ್ಲ ಅಂತ ಎದ್ದಾಗಿಂದ ಮಲಗೋವರೆಗೂ ಕುಡೀತಾನೇ ಇದ್ದೆ ಕಣೇ."

"ಬೈ ಅತ್ತಿಗೆ. ಬೇಕಾದ್ರೆ ನಾಲ್ಕು ಹೊಡಿ."

ಅತ್ತಿಗೆ ಬೈಯಲಿಲ್ಲ. ತೊಳೆದ ಪಾತ್ರೆಯನ್ನು ಬೋರಲು ಹಾಕಿ ಕೇಳಿದಳು: "ಹಾಗಾದ್ರೆ... ನನ್ನ ಹೊಟ್ಟೇದಲ್ಲ ತಪ್ಪು?"

ನೀರಿನಲ್ಲಿ ಕೀಟನಾಶಕ ಇಷ್ಟಿದೆ ಎಂದಷ್ಟೇ ಯಂತ್ರ ಹೇಳೀತು. ಮಗು ಅದರಿಂದಲೇ ಹೋಯಿತೆಂದು ಹೇಳುವ ಯಂತ್ರ ಅವಳ ಬಳಿ ಇರಲಿಲ್ಲ. ಇಷ್ಟು ವರ್ಷಗಳಲ್ಲಿ ಮುಳ್ಳು ತೋರಿಸಿದ್ದಕ್ಕಿಂತ ಒಂದಕ್ಷರ ಹೆಚ್ಚು ಬರೆದವಳಲ್ಲ.

"ಅಲ್ಲ," ಎಂದಳು. "ನಿಂದಲ್ಲ ಅತ್ತಿಗೆ."

"ಬರೆದುಕೊಡು. ನಿಮ್ಮ ಆಫೀಸಿನ ಸೀಲ್ ಹಾಕಿ. ಬಾಯಲ್ಲಿ ಹೇಳಿದ್ರೆ ಈ ಮನೇಲಿ ಯಾರೂ ನಂಬಲ್ಲ."

ಅವಳು ಚೀಲದಿಂದ ವರದಿಯ ಹಾಳೆ ತೆಗೆದಳು. ಎಲ್ಲಿಯ ನೀರು, ಯಾವ ತಾರೀಖು, ಬೆಳಿಗ್ಗೆ ಯಂತ್ರ ತೋರಿಸಿದ ಪ್ರಮಾಣ, ಎಲ್ಲ ತುಂಬಿದಳು. ಕೊನೆಗೆ ಅಭಿಪ್ರಾಯ ಬರೆಯುವ 'ಷರಾ' ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಅತ್ತಿಗೆ ಕುರ್ಚಿ ಎಳೆದು ಪಕ್ಕದಲ್ಲೇ ಕೂತಳು, ಹಾಳೆಯ ಮೇಲೆ ಹನಿ ಬೀಳದಂತೆ ಒದ್ದೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು.