ಮಗ್ಗಿ ಚಕ್ರ ಯಾರದ್ದು?

"ಆರನೇ ಕ್ಲಾಸಲ್ಲೇ ಪುಸ್ತಕ ಬಿಸಾಕಿ ಓಡಿದವನು ನಮಗೆ ಕಾನೂನು ಹೇಳೋಕೆ ಬಂದ!" ಎಂದರು ಹೆಡ್‌ಮಾಸ್ತರರು, ಸ್ಟಾಫ್ ರೂಮಿನ ತುಂಬ ಇದ್ದ ಟೀಚರುಗಳ ಎದುರಿಗೇ. ಒಬ್ಬರು ಟೀ ಲೋಟದೊಳಗೇ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ನಾನು ಕೇಳಿದ್ದು ಇಷ್ಟೇ: ಇಲ್ಲಿ ಟೀಚರಾಗಿರೋ ಅಕ್ಕನಿಗೆ ಬೇರೆ ಶಾಲೆಗೆ ವರ್ಗ ಆಗಿದೆ, ಅವಳ ಮಗ್ಗಿ ಚಕ್ರ ಅವಳ ಜೊತೆ ಹೋಗಲಿ. ಅದು ಅಲ್ಲೇ ಗೋಡೆಗೆ ಒರಗಿತ್ತು. ನನ್ನ ಸೈಕಲ್ ಶಾಪಿನ ಹಳೇ ರಿಮ್ಮು, ಸುತ್ತ ಕ್ಲಿಪ್ಪಿನಲ್ಲಿ ಸಿಕ್ಕಿಸಿದ ಮೂವತ್ತಾರು ರಟ್ಟು, ಒಂದೊಂದರ ಮೇಲೂ ಮಗ್ಗಿಯ ಒಂದು ಸಂಖ್ಯೆ. ತಿರುಗಿಸಿದರೆ ಸಾಕು, ಲೆಕ್ಕ ಅಂದರೆ ಕಣ್ಣು ಕಣ್ಣು ಬಿಡುತ್ತಿದ್ದ ಮಕ್ಕಳೂ ಕಿರುಚಿ ಕಿರುಚಿ ಉತ್ತರ ಹೇಳುತ್ತಿದ್ದವು. ಇಂಥದ್ದೊಂದು ನನ್ನ ಕಾಲದಲ್ಲಿ ಇದ್ದಿದ್ದರೆ ನಾನೂ ಓಡುತ್ತಿರಲಿಲ್ಲವೇನೋ, ಆ ಮಾತು ಬಿಡಿ. ನಾಲ್ಕು ವರ್ಷ ತಲೆ ಕೆಡಿಸಿಕೊಂಡು ಅಕ್ಕ ಅದನ್ನು ಹದಕ್ಕೆ ತಂದಿದ್ದಳು. ಅದಿಲ್ಲದೆ ಹೊಸ ಶಾಲೆಗೆ ಹೋಗೋದೆಂದರೆ ಅವಳಿಗೆ ಕೈ ಕಡಿದ ಹಾಗೆ.

"ಶಾಲೆಯೊಳಗೆ ಮಾಡಿದ್ದು ಶಾಲೆಯದ್ದು. ಮುಗೀತು," ಎಂದರು ಹೆಡ್‌ಮಾಸ್ತರರು.

"ಬಾರೋ, ಹೋಗೋಣ," ಅಕ್ಕ ನನ್ನ ಅಂಗಿ ಎಳೆದಳು.

"ಸುಮ್ನಿರೇ ಅಕ್ಕ. ಸಾರ್, ರಿಮ್ಮೂ ಶಾಲೆಯೊಳಗೇ ಹುಟ್ಟಿತಾ?"

"ತಗೊಂಡು ಹೋಗಪ್ಪ ನಿನ್ನ ತುಕ್ಕು ರಿಮ್ಮು! ರಟ್ಟು ಮಾತ್ರ ಮಕ್ಕಳು ಇಲ್ಲೇ ಕೂತು ಬರೆದದ್ದು. ಬೇಕಾದ್ರೆ ಕೇಳು!"

ಕಿಟಕಿಗೆ ಅಂಟಿಕೊಂಡಿದ್ದ ಐದನೇ ಕ್ಲಾಸನ್ನು ಸಾಕ್ಷಿಗೆ ಅಂತ ಅವರೇ ಒಳಗೆ ಕರೆದರು. ಅಲ್ಲೇ ಎಡವಿದ್ದು.

ಮಕ್ಕಳ ಪೆನ್ಸಿಲ್ ಜಗಳ ತಾಳಲಾರದೆ ಈ ಮಹಾನುಭಾವರೇ ಒಂದು ನಿಯಮ ಮಾಡಿದ್ದರು: ಪ್ರತಿ ವಸ್ತುವಿನ ಬೆನ್ನಿಗೂ ಹೆಸರು ಬರೀಬೇಕು, ಹೆಸರು ಯಾರದ್ದೋ ವಸ್ತು ಅವರದ್ದು. ದಿನಾ ಬೆಳಿಗ್ಗೆ ಬಾಯಿಪಾಠ ಬೇರೆ.

ಎರಡು ಜಡೆಯ ಹುಡುಗಿಯೊಬ್ಬಳು ಒಂದು ರಟ್ಟು ತಿರುಗಿಸಿ ನೋಡಿದಳು. "ಸಾರ್, ಐವತ್ತಾರು ನಂದು!"

"ಎಪ್ಪತ್ತೆರಡು ನಂದು ಸಾರ್!"

"ಲೇ, ಬಿಡೋ ಅದನ್ನ, ಹಿಂದೆ ಹೆಸರು ನೋಡು!"

ಕ್ಲಿಪ್ಪುಗಳು ಪಟಪಟ ಹಾರಿದವು. ಡ್ರಾಯಿಂಗ್ ಮೇಷ್ಟ್ರು ಬೆಂಚು ಹತ್ತಿ ನಿಂತರು. "ನಿಲ್ಲಿಸ್ರೋ! ಇದಕ್ಕೆ ಆ ನಿಯಮ ಅಲ್ಲ!" ಅಂತ ಹೆಡ್‌ಮಾಸ್ತರರು ಕೂಗಿದರೆ ಇಡೀ ಕ್ಲಾಸು ರಾಗ ಎಳೆಯಿತು: "ಹೆಸರು ಯಾರದ್ದೋ, ವಸ್ತು ಅವರದ್ದು!" ಟೀಚರುಗಳೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ಕುಲುಕುತ್ತಿದ್ದರು. ನಾನಂತೂ ನಕ್ಕೂ ನಕ್ಕೂ ನೆಲಕ್ಕೇ ಕೂತೆ.

ಆಮೇಲೆ ರಟ್ಟುಗಳು ಒಂದೊಂದಾಗಿ ಅಕ್ಕನ ಚೀಲಕ್ಕೆ ಬಿದ್ದವು. "ಇದು ನಮ್ಮದು ಟೀಚರ್. ನಿಮಗೆ ಕೊಟ್ವಿ." ಅಕ್ಕ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದಳು.

ಬೋಳು ರಿಮ್ಮನ್ನು ಹೆಗಲಿಗೇರಿಸಿಕೊಂಡೆ. ಬಾಗಿಲಲ್ಲಿ ಹೆಡ್‌ಮಾಸ್ತರರು ಅಡ್ಡ ಬಂದರು. ದನಿ ಈಗ ಬೆಣ್ಣೆ.

"ಅಲ್ಲಪ್ಪ, ನಾಳೆಯಿಂದ ಇವರಿಗೆ ಮಗ್ಗಿ ಹೇಳಿಕೊಡೋದು ಹೇಗೆ? ನಮಗೂ ಒಂದು ಮಾಡಿಕೊಡ್ತೀಯಾ?"

ಅವರ ಮೂಗಿಗೆ ತಾಗದ ಹಾಗೆ ರಿಮ್ಮು ಓರೆ ಮಾಡಿ, ಅಕ್ಕನ ಹಿಂದೆ ಮೆಟ್ಟಿಲು ಇಳಿದೆ.