ಒಂದೇ ರಾತ್ರಿಯಲ್ಲಿ ನೋವು ಮಾಯ

“ಬಾಯಿ ತೆಗಿ. ಇನ್ನೂ ಅಗಲ. ನಾಲಿಗೆ ಎತ್ತು, ಕೆಳಗೆ ಏನಿಟ್ಕೊಂಡಿದೀಯ ನೋಡೋಣ.”

ಸಾಹುಕಾರ ಮೊಬೈಲಿನ ದೀಪ ಹಿಡಿದು ಕಂಬದ ಬಾಯೊಳಗೆ ಇಣುಕುತ್ತಿದ್ದ. ಕಂಬ ಅಂದರೆ ಆ ಸೋಫಾ-ಮಂಚಗಳ ಅಂಗಡಿಯಲ್ಲಿ ಮಾಲು ತೋರಿಸಿ ಮಾರಲು ನಿಲ್ಲುವ ಹೆಂಗಸು. ಬೆಳಿಗ್ಗೆ ಬಾಗಿಲು ತೆಗೆದಾಗ ನಿಂತವಳು ರಾತ್ರಿ ಬಾಗಿಲು ಹಾಕುವವರೆಗೂ ನಿಂತೇ ಇರಬೇಕಾದ್ದರಿಂದ ಆ ಹೆಸರು, ಇಟ್ಟವನೂ ಸಾಹುಕಾರನೇ. ಕಸ ಗುಡಿಸುವ ಅಕ್ಕ ಪೊರಕೆ ನಿಲ್ಲಿಸಿದಳು. ಮಂಚ ಜೋಡಿಸುತ್ತಿದ್ದ ಬಡಗಿ ತಲೆ ತಗ್ಗಿಸಿದ. ಸೋಫಾ ನೋಡಲು ಬಂದಿದ್ದ ಇಬ್ಬರು ಗಿರಾಕಿಗಳು ಮಾತ್ರ, ಪುಕ್ಕಟೆ ತಮಾಷೆ ಯಾಕೆ ಬಿಡಬೇಕೆಂದು ಕೂತಲ್ಲೇ ಕೂತಿದ್ದರು.

“ನುಂಗ್ಬಿಟ್ಟಿದಾಳೆ ಮುಂಡೇದು. ಬೀರು ಮರೇಲಿ ನಿಂತು ಬಾಯಿಗೆ ಹಾಕ್ಕೊಂಡಿದ್ದು ಕ್ಯಾಮೆರಾದಲ್ಲಿ ನೋಡ್ದೆ. ಚೀಲ ತೋರ್ಸು.”

ಚೀಲದಲ್ಲಿ ಬಾಚಣಿಗೆ, ಊಟದ ಡಬ್ಬಿ, ಅರ್ಧ ಖಾಲಿಯಾದ ಮಾತ್ರೆಯ ಹಾಳೆ. ಸಾಹುಕಾರ ಅದರ ಹೆಸರನ್ನು ಮೊಬೈಲಿಗೆ ಹಾಕಿ ಹುಬ್ಬೇರಿಸಿದ. “ಅಫೀಮಿನ ಜಾತಿ ಅಂತಿದೆ ಇಲ್ಲಿ. ನನ್ನ ಅಂಗಡೀಲಿ ನಿಂತು ನಶೆ ಮಾಡ್ತೀಯೇನೇ?”

“ಡಾಕ್ಟ್ರು ಬರ್ಕೊಟ್ಟಿದ್ದು ಸಾರ್. ಮೈ ನೋವಿಗೆ.”

“ಮೈ ನೋವು ಯಾರಿಗಿಲ್ಲ? ನನಗಿಲ್ವಾ?” ಎನ್ನುತ್ತ ಅವನು ತನ್ನ ತಿರುಗುವ ಕುರ್ಚಿಯಲ್ಲಿ ಕೂತು, ಹಾಳೆಯನ್ನು ಮೇಜಿನ ಡ್ರಾಯರಿಗೆ ಹಾಕಿ ಬೀಗ ಜಡಿದ.

ನಶೆ ಅಂದದ್ದಕ್ಕೆ ಕಂಬಕ್ಕೆ ಅಳುವಿಗಿಂತ ನಗು ಬಂತು. ಆ ಮಾತ್ರೆಯಿಂದ ಕಂಡ ಸುಖ ಅವಳಿಗೇ ಗೊತ್ತು. ಮೂಗು ತುರಿಸುತ್ತಿತ್ತು, ಬಾಯಿ ಒಣಗುತ್ತಿತ್ತು, ಕಕ್ಕಸಿಗೆ ಹೋದರೆ ಮನೆಯವರೆಲ್ಲ ಬಾಗಿಲು ಬಡಿಯುವವರೆಗೂ ಏನೂ ಆಗುತ್ತಿರಲಿಲ್ಲ. ನೋವೂ ಹೋಗುತ್ತಿರಲಿಲ್ಲ, ಸ್ವಲ್ಪ ದೂರ ಸರಿದು ಕೂರುತ್ತಿತ್ತು. ನೋವಿಗಾದರೂ ಕೂರಲು ಜಾಗವಿತ್ತಲ್ಲ.

ಕಾಯಿಲೆಯ ಹೆಸರು ಫೈಬ್ರೊಮಯಾಲ್ಜಿಯ. ಕುತ್ತಿಗೆಯಿಂದ ಅಂಗಾಲಿನವರೆಗೂ ನೋವು. ಎಕ್ಸ್‌ರೇಯಲ್ಲಿ ಕಾಣದು, ರಕ್ತದಲ್ಲಿ ಸಿಗದು. ಅತ್ತೆ ಅದನ್ನು ಮೈಗಳ್ಳತನ ಅಂತಲೇ ಕರೆಯುತ್ತಿದ್ದಳು. ಹೆಸರು ಕೇಳಿದ ಮೇಲೆ, ಬಾಯಿ ತಿರುಗದ ಕಾಯಿಲೆ ದೊಡ್ಡದೇ ಇರಬೇಕೆಂದು ಸುಮ್ಮನಾದಳು. ಆಸ್ಪತ್ರೆಯ ಡಾಕ್ಟರಮ್ಮ ಒಳ್ಳೆಯವಳು. “ಈ ನೋವಿಗೆ ಈ ಮಾತ್ರೆ ಅಷ್ಟಾಗಿ ಹಿಡಿಯಲ್ಲಮ್ಮ, ಮೈಗೆ ರೂಢಿ ಬೇರೆ ಆಗ್ಬಿಡುತ್ತೆ. ನಿನಗೆ ಬೇಕಿರೋದು ಒಂದಿಷ್ಟು ವ್ಯಾಯಾಮ, ನಿದ್ದೆ, ಮಧ್ಯೆ ಮಧ್ಯೆ ಕೂತು ಸುಧಾರಿಸ್ಕೊಳ್ಳೋದು,” ಎಂದಿದ್ದಳು. “ಕೂರೋದು ಯಾವ ಅಂಗಡೀಲಿ ಸಿಗುತ್ತೆ ಮೇಡಂ?” ಎಂದು ಕಂಬ ಕೇಳಿದಾಗ ಆ ಮಾತ್ರೆಗೇ ಚೀಟಿ ಬರೆದಿದ್ದಳು.

ಸಾಹುಕಾರನ ಹತ್ತಿರ ಒಂದು ಸ್ಟೂಲು ಕೇಳಿದ್ದೂ ಆಗಿತ್ತು. ಎಲ್ಲಿ ಕಣ್ಣು ಹಾಯಿಸಿದರೂ ಕುರ್ಚಿಯೇ ಕಾಣುವ ಅಂಗಡಿಯಲ್ಲಿ ಅವನು ಹೇಳಿದ್ದು ಇಷ್ಟು: “ಕೂತ್ರೆ ಮಾಲು ಹಳೇದಾಗುತ್ತೆ. ನಿಂತ್ರೆ ನೀನೇನು ಹಳೇದಾಗ್ತೀಯಾ?”

ಬೆಳಿಗ್ಗೆ ನುಂಗಿದ್ದು ಇಳಿದು, ಮಧ್ಯಾಹ್ನದ ಮಾತ್ರೆಯ ಹೊತ್ತು ಮೀರಿತು. ಮೂಗು ಸೋರತೊಡಗಿತು, ಆಕಳಿಕೆಯ ಮೇಲೆ ಆಕಳಿಕೆ, ಬೆನ್ನೆಲ್ಲ ಬೆವರು. ದೂರ ಕೂತಿದ್ದ ನೋವು ಎದ್ದು ಬಂದು ಮೈಯೆಲ್ಲ ಹಿಂಡತೊಡಗಿತು. ಕಂಬ ನಾಚಿಕೆ ಬಿಟ್ಟು ಮೇಜಿನ ಮುಂದೆ ಹೋಗಿ ನಿಂತಳು.

“ಸಾರ್, ಮಧ್ಯಾಹ್ನದ್ದು ಒಂದು ಕೊಡಿ.”

“ಆ ದೊಡ್ಡ ಹಾಸಿಗೆ ಮಾರು, ಕೊಡ್ತೀನಿ,” ಎಂದ ಸಾಹುಕಾರ, ಬೀಗದ ಕೈ ಆಡಿಸುತ್ತ.

ಬೀದಿಯ ಕಡೆಯ ಗಾಜಿನ ಹಿಂದೆ ಮಂಚದ ಮೇಲೆ ಆ ಹಾಸಿಗೆ ರಾಜನ ಹಾಗೆ ಬಿದ್ದುಕೊಂಡಿತ್ತು. ತಲೆಯ ಮೇಲೊಂದು ಬೋರ್ಡು: ಒಂದೇ ರಾತ್ರಿಯಲ್ಲಿ ನೋವು ಮಾಯ. ಆಗಲೇ ಊರುಗೋಲು ಹಿಡಿದ ಒಬ್ಬ ದಪ್ಪನೆಯ ಅಮ್ಮ ಒಳಗೆ ಬಂದು ಅದನ್ನು ಕೋಲಿನಿಂದ ತಿವಿದಳು.

“ನಿಜವಾಗ್ಲೂ ನೋವು ಹೋಗುತ್ತೇನಮ್ಮ?”

ಉರು ಹೊಡೆದ ಮಾತುಗಳೆಲ್ಲ ಕಂಬದ ಬಾಯಿಗೆ ಬರುವಷ್ಟರಲ್ಲಿ ಅಮ್ಮ ಮತ್ತೆ ಕೇಳಿದಳು.

“ನೀನು ಮಲಗಿ ನೋಡಿದೀಯಾ?”

“ಇಲ್ಲಮ್ಮ. ನಾವು ಕೂರೋ ಹಾಗೇ ಇಲ್ಲ.”

“ಮತ್ತೆ ನಿನಗೆ ಹೇಗೆ ಗೊತ್ತು?”

ಮಾತು ನ್ಯಾಯವಾಗಿಯೇ ಇತ್ತು. ಕಂಬ ಚಪ್ಪಲಿ ಕಳಚಿ ಜೋಡಿಸಿಟ್ಟಳು. “ತಡೀರಿ, ನೋಡಿ ಹೇಳ್ತೀನಿ,” ಎಂದು ಹಾಸಿಗೆ ಹತ್ತಿ ಅಂಗಾತ ಮಲಗಿದಳು.

ಸಾಹುಕಾರ ಎದ್ದೂ ಬಿದ್ದೂ ಓಡಿ ಬಂದ. “ಏಯ್, ಏಳೇ ಮೇಲೆ.”

“ಗಿರಾಕಿ ಕೇಳ್ತಿದಾರೆ ಸಾರ್. ನನಗೂ ಮೈಯೆಲ್ಲ ನೋವು. ಹೋದ ತಕ್ಷಣ ಏಳ್ತೀನಿ.”

“ಯಾವಾಗ ಹೋಗುತ್ತಮ್ಮ?” ಎಂದು ಊರುಗೋಲಿನ ಅಮ್ಮ ನಿಜಕ್ಕೂ ತಿಳಿಯುವ ಆಸೆಯಿಂದಲೇ ಕೇಳಿದಳು.

“ಒಂದು ರಾತ್ರಿ ಅಂತ ಬರ್ದಿದಾರೆ. ನಾಳೆ ಬೆಳಿಗ್ಗೆ ಬನ್ನಿ, ಹೇಳ್ತೀನಿ.”

“ನಾನು ಇಲ್ಲೇ ಕಾಯ್ತೀನಿ,” ಎಂದು ಅಮ್ಮ ಹತ್ತಿರದ ಸೋಫಾದಲ್ಲಿ ಕುಸಿದಳು. ಗುಡಿಸುವ ಅಕ್ಕ ಅತ್ತಿತ್ತ ನೋಡಿ, ಪೊರಕೆ ಸಮೇತ ಅವಳ ಪಕ್ಕದಲ್ಲಿ ಕೂತಳು. ಬಡಗಿ ತಾನೇ ಜೋಡಿಸಿದ ಮಂಚದ ಮೇಲೆ ಮೊದಲ ಸಲ ಕೂತು, ಅದು ಕಿರುಗುಟ್ಟಿದ್ದಕ್ಕೆ ತಾನೇ ಬೆಚ್ಚಿದ. ಬೀದಿಯ ಜನ ಹೊರಗಿನಿಂದ ಗಾಜಿಗೆ ಮೂಗು ಒತ್ತಿ ನಿಂತಿದ್ದರು.

“ಕೆಲಸದಿಂದ ತೆಗೆದು ಬಿಸಾಕ್ತೀನಿ ಹಾಳಾದೋಳೆ.”

ಈ ಕೆಲಸ ಹೋದರೆ ಮನೆಯ ಒಲೆಯೂ ಆರುತ್ತದೆ ಎನ್ನುವುದು ಕಂಬಕ್ಕೆ ಗೊತ್ತಿತ್ತು. ಆದರೆ ಸೊಂಟ ಹಾಸಿಗೆಗೆ ತಾಗಿಬಿಟ್ಟಿತ್ತು, ಅದು ಈಗ ಯಾರ ಮಾತನ್ನೂ ಕೇಳುವ ಹಾಗಿರಲಿಲ್ಲ.

“ತೆಗೀರಿ ಸಾರ್. ನಾಳೆ ಬೆಳಿಗ್ಗೆ.”

ಸಾಹುಕಾರ ಗಾಜಿನ ಆಚೆಯ ಜನರನ್ನು ನೋಡಿದ. ಮೇಜಿಗೆ ಹೋಗಿ ಬೀಗ ತೆಗೆದ. ಮಾತ್ರೆಯ ಹಾಳೆ ತಂದು ಅವಳ ಮುಖದ ಹತ್ತಿರ ಬಗ್ಗಿ, “ತಗೋ ಮಾರಾಯ್ತಿ. ನುಂಗಿ ಎದ್ದೇಳು,” ಎಂದ, ಯಾರಿಗೂ ಕೇಳದ ಹಾಗೆ.

ಕಂಬ ಕೈ ಎತ್ತಲಿಲ್ಲ. “ನೀರು?”

“ನೀರು ತನ್ನಿ ಪಾಪ. ಒಣ ಗಂಟಲಲ್ಲಿ ಹೇಗೆ ನುಂಗ್ತಾಳೆ?” ಎಂದಳು ಊರುಗೋಲಿನ ಅಮ್ಮ.

ಸಾಹುಕಾರ ನೀರು ತಂದ. ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಬಿಡಿಸಿದ ಮಾತ್ರೆ ಹಿಡಿದು ಹಾಸಿಗೆಯ ಪಕ್ಕ ಬಗ್ಗಿ ನಿಂತ. ಕಂಬ ಯಾರೂ ಹೇಳದೆಯೇ ಬಾಯಿ ಅಗಲವಾಗಿ ತೆರೆದು, ಅವನ ಮುಖದ ಮುಂದೆ ನಾಲಿಗೆಯನ್ನು ಉದ್ದಕ್ಕೆ ಚಾಚಿದಳು.